ಕೈ ಒತ್ತದವರ ಕಸುಬು

ಬೆಂಗಳೂರಿನ ಗಿರಿನಗರದ ಸೀತಾ ಸರ್ಕಲ್ ಸುತ್ತಲಿನ ಅಡ್ಡರಸ್ತೆಗಳಲ್ಲಿ ಕಾರುಗಳು ಹೆಚ್ಚಾಗಿ ಮರದಡಿಯೇ ನಿಲ್ಲುತ್ತವೆ. ನೆರಳಿನ ಜೊತೆಗೆ ಮರದ ಅಂಟು, ಹಕ್ಕಿ ಹಿಕ್ಕೆ. ತೊಳೆಯಲು ಹೋದರೆ ಬೋರ್‌ವೆಲ್ ನೀರಿನ ಬಿಳಿ ಕಲೆ. ಚೆನ್ನಾಗಿ ತೊಳೆದ ಬಾನೆಟ್ಟನ್ನೂ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಸವರಿ ನೋಡಿ, ರವೆಯಂತೆ ತರಿತರಿ ತಾಗುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣಗಳೂ ಅಲ್ಲಿ ಕಚ್ಚಿಕೊಂಡು ತುಕ್ಕು ಹಿಡಿಯುತ್ತಿರುತ್ತವೆ.

ಇದನ್ನು ಬಿಡಿಸುವ ಹುಡುಗರ ಕೈಗುಣ ನನಗೆ ಬಹಳ ಇಷ್ಟ. ಮೊದಲು ಐರನ್ ರಿಮೂವರ್. ಅದರಲ್ಲಿನ ಥಯೋಗ್ಲೈಕೊಲೇಟ್ ಕಬ್ಬಿಣದೊಡನೆ ಸೇರಿ ನೇರಳೆ ನೀರಾಗಿ ಇಳಿಯುವುದನ್ನು ಬಿಳಿ ಕಾರಿನ ಮೇಲೆ ನೋಡಬೇಕು! ಆಮೇಲೆ ಕ್ಲೇ ಬಾರ್. ಲೂಬ್ರಿಕೆಂಟ್ ಚಿಮುಕಿಸಿ, ಜೇಡಿಯನ್ನು ಒತ್ತದೆ, ಗೆರೆ ಎಳೆದ ಹಾಗೆ ನೇರವಾಗಿ ಆಡಿಸುತ್ತಾರೆ. ಮೊದಮೊದಲು ಕರಕರ ಸದ್ದು. ಅದು ನಿಂತರೆ ಆ ಜಾಗ ಮುಗಿಯಿತು. ಮಡಚಿ, ನಾದಿ, ಹೊಸ ಮೈ ತಿರುಗಿಸಿ ಮುಂದಿನ ಜಾಗಕ್ಕೆ. ಕೆಳಗೆ ಬಿದ್ದ ತುಂಡನ್ನು ಮತ್ತೆ ಮುಟ್ಟುವುದಿಲ್ಲ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್. ಗೀರಲು ಒಂದು ಮರಳಿನ ಕಣ ಸಾಕು.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವಿಟ್ಟಿತು. ಒಂದೇ ಬಕೆಟ್ಟಿನಲ್ಲಿ ಮುಗಿಯುವ ರಿನ್ಸ್‌ಲೆಸ್ ವಾಶ್ ಬಲ್ಲವರ ಮೇಲೆ ನನ್ನ ಗೌರವ ಆಗ ಇನ್ನೂ ಹೆಚ್ಚಿತು. ಕ್ಲೇ ಬಾರ್ ಮಾಡಿಸುವವರು ಒಂದು ಮರೆಯಬೇಡಿ: ಜೇಡಿಯ ಜೊತೆ ಹಳೆಯ ವ್ಯಾಕ್ಸೂ ಹೋಗಿರುತ್ತದೆ, ಅವತ್ತೇ ಹೊಸದು ಹಚ್ಚಿಸಿ.