ರತ್ನಗಂಧಿಗೆ ಔಷಧಿ ಹೊಡೆಯಬೇಡಿ

ನಂದಿಬೆಟ್ಟದ ಆಸುಪಾಸಿನ ಊರುಗಳಲ್ಲಿ ಚಿಟ್ಟೆಗಳಿಗೆಂದು ಒಂದೇ ಗಿಡ ಹಾಕುವುದಾದರೆ ಯಾವುದು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ರತ್ನಗಂಧಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಕೊಳವೆಬಾವಿಯನ್ನೇ ನಂಬಿರುವ ಸೀಮೆ ಇದು. ಬೇರೂರಿದ ರತ್ನಗಂಧಿ ನೀರಿಗಾಗಿ ಕಾಡುವುದಿಲ್ಲ, ಬಿಸಿಲಿದ್ದಷ್ಟೂ ಹೂ ಬಿಡುತ್ತದೆ.

ಹೂವನ್ನು ಹತ್ತಿರದಿಂದ ನೋಡಿ. ಐದು ಎಸಳುಗಳಲ್ಲಿ ನಾಲ್ಕು ಅಗಲ, ಅಂಚು ಸುಕ್ಕುಸುಕ್ಕು. ಐದನೆಯದು ಚಿಕ್ಕದು, ಸುತ್ತಿಕೊಂಡು ಕೊಳವೆಯಾಗಿದೆ. ಮಕರಂದಕ್ಕೆ ಅದೇ ದಾರಿ, ಚಿಟ್ಟೆಯ ನೀಳ ಸೊಂಡಿಲಿಗೆ ಹೇಳಿ ಮಾಡಿಸಿದ್ದು. ಹತ್ತು ಕೆಂಪು ಕೇಸರಗಳು ಎರಡು ಅಂಗುಲದಷ್ಟು ಮುಂದಕ್ಕೆ ಚಾಚಿವೆ. ಕರಿಬೇವಿನ ಗಿಡದಲ್ಲಿ ಬೆಳೆದ ಕಾಮನ್ ಮಾರ್ಮನ್ ಚಿಟ್ಟೆ ಬಂದು ರೆಕ್ಕೆ ಬಡಿಯುತ್ತಲೇ ಮಕರಂದ ಹೀರುವಾಗ ಪರಾಗ ಅದರ ರೆಕ್ಕೆಗೇ ಮೆತ್ತಿಕೊಳ್ಳುತ್ತದೆ. ಮುಂದಿನ ಹೂವಿಗೆ ಅದು ತಲುಪುವುದು ಹೀಗೆ.

ಗಿಡದ ಮೂಲ ಅಮೆರಿಕದ ಉಷ್ಣವಲಯ. ಕಂಬಳಿಹುಳು, ಚಿಟ್ಟೆಗಳ ಬದುಕನ್ನು ಚಿತ್ರಿಸಿದ ಮರಿಯಾ ಸಿಬಿಲ್ಲಾ ಮೆರಿಯನ್ 1705ರಲ್ಲಿ ಪ್ರಕಟಿಸಿದ ಸುರಿನಾಮ್ ಪುಸ್ತಕದಲ್ಲಿ ಇದೂ ಇದೆ. ತಮ್ಮ ಮಕ್ಕಳು ಗುಲಾಮರಾಗದಿರಲೆಂದು ಅಲ್ಲಿನ ಗುಲಾಮ ಹೆಂಗಸರು ಗರ್ಭ ಇಳಿಸಿಕೊಳ್ಳಲು ಇದರ ಬೀಜ ಬಳಸುತ್ತಿದ್ದರೆಂದು ಆಕೆ ಬರೆದಿದ್ದಾರೆ. ಆದ್ದರಿಂದ ಬೀಜವನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಹೂವಿಗಿಂತ ನನಗೆ ಇದರ ಎಲೆಯೇ ಹೆಚ್ಚು. ನೆಲಮಟ್ಟದಲ್ಲಿ ಹಾರಾಡುವ ಪುಟ್ಟ ಹಳದಿ ಚಿಟ್ಟೆಗಳು, ಗ್ರಾಸ್ ಯೆಲ್ಲೊ ಜಾತಿಯವು, ಮೊಟ್ಟೆ ಇಡುವ ಗಿಡಗಳಲ್ಲಿ ಇದೂ ಒಂದು. ಹಸಿರು ಮರಿಹುಳು ಎಲೆಯ ನಡುದಂಟಿಗೆ ಒತ್ತಿ ಮಲಗಿದರೆ ಕಣ್ಣಿಗೆ ಬೀಳುವುದಿಲ್ಲ. ರೆಂಬೆ ಬೋಳಾದಾಗಲೇ ಗೊತ್ತಾಗುವುದು. ಆಗ ಮನೆಯವರು ಔಷಧಿ ಡಬ್ಬ ಹುಡುಕುತ್ತಾರೆ. ಚಿಟ್ಟೆ ಬರಲೆಂದು ಗಿಡ ನೆಟ್ಟು, ಚಿಟ್ಟೆಯ ಮರಿಯನ್ನೇ ಕೊಲ್ಲುವ ಕೆಲಸ ಇದು. ಶಿಡ್ಲಘಟ್ಟದ ರೇಷ್ಮೆ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪನ್ನು ಎಷ್ಟು ತಿಂದರೂ ಅವರಿಗೆ ಸಂತೋಷವೇ. ಪಕ್ಕದ ಹೊಲದ ಔಷಧಿ ಗಾಳಿಗೆ ತೂರಿಬಂದರೆ ಮಾತ್ರ ಎದೆ ನಡುಗುತ್ತದೆ.

ಒಣಗಿದ ಕಾಯಿಯಿಂದ ಬೀಜ ಬಿಡಿಸಿಟ್ಟುಕೊಳ್ಳಿ. ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮುಂಗಾರಿನ ಹೊತ್ತಿಗೆ ಬಿಸಿಲು ಬೀಳುವ ಕಡೆ ಊರಿ. ಹುಳು ಬಂದರೆ ತಿನ್ನಲು ಬಿಡಿ. ರತ್ನಗಂಧಿ ಮತ್ತೆ ಚಿಗುರುತ್ತದೆ.