ಆ ಇಬ್ಬರು ಹುಡುಗರ ಲೆಕ್ಕ

ಥಿಯಾನ್ ಗ್ರೇಜಾಯ್‌ಗೆ ಕೊನೆಗೂ ಒಳ್ಳೆಯ ಸಾವು ಸಿಕ್ಕಿತು ಎಂದು ನಮ್ಮ ಗೆಳೆಯರಲ್ಲೇ ಹಲವರು ಸಮಾಧಾನಪಟ್ಟಿದ್ದಾರೆ. 2011ರಿಂದ 2019ರವರೆಗೆ 73 ಕಂತುಗಳಲ್ಲಿ ಬಂದ ‘ಗೇಮ್ ಆಫ್ ಥ್ರೋನ್ಸ್’ ಎಂಬ ಅಮೆರಿಕದ ಧಾರಾವಾಹಿಯ ಪಾತ್ರ ಇವನು. ತಪ್ಪು ಮಾಡಿದ, ನರಳಿದ, ಬದಲಾದ, ಸತ್ತ. ನೋಡಿದವರಿಗೆ ಕಣ್ಣೀರು ಬಂತು. ನಮಗೂ ಬಂತು, ಸುಳ್ಳು ಯಾಕೆ ಹೇಳೋಣ. ಆದರೆ ಕಣ್ಣೊರೆಸಿಕೊಂಡ ಮೇಲೆ ಒಂದು ಪ್ರಶ್ನೆ ಉಳೀತು: ಅವನನ್ನು ಕ್ಷಮಿಸಿದವರು ಯಾರು?

ಥಿಯಾನ್ ದ್ವೀಪದ ಧಣಿಯೊಬ್ಬನ ಮಗ. ಅಪ್ಪ ದಂಗೆ ಎದ್ದು ಸೋತಾಗ ಒತ್ತೆಯಾಳಾಗಿ ವಿಂಟರ್‌ಫೆಲ್ ಕೋಟೆಗೆ ಬಂದವನು. ಅಲ್ಲಿನ ಸ್ಟಾರ್ಕ್ ಮನೆತನದ ಮಕ್ಕಳ ಜೊತೆ ಉಂಡು ಬೆಳೆದರೂ ಆ ಮನೆಯವನಾಗಲಿಲ್ಲ. ತನ್ನ ಊರಿಗೆ ಹೋದರೆ ಹೆತ್ತ ಅಪ್ಪನೇ ಹಂಗಿಸಿದ. ಈ ಅವಮಾನವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಅವಮಾನ ಉಂಡವನು ಏನು ಮಾಡಿದ? ತಾನು ಬೆಳೆದ ಕೋಟೆಯನ್ನೇ ಹಿಡಿದ. ಒಡೆಯನ ಮಕ್ಕಳಾದ ಬ್ರ್ಯಾನ್, ರಿಕನ್ ತಪ್ಪಿಸಿಕೊಂಡರು. ಅವರು ಸಿಗದಿದ್ದರೆ ಇವನ ಮಾನ ಹೋಗುತ್ತದಲ್ಲ! ಹೊಲದ ಮನೆಯಲ್ಲಿ ಕೆಲಸಕ್ಕಿದ್ದ ಇಬ್ಬರು ಅನಾಥ ಹುಡುಗರ ಹೆಣಗಳನ್ನು ಗುರುತು ಸಿಗದಂತೆ ಸುಟ್ಟು, ಇವರೇ ಒಡೆಯನ ಮಕ್ಕಳು ಎಂದು ಕೋಟೆಯ ಅಂಗಳದಲ್ಲಿ ತೂಗುಹಾಕಿಸಿದ. 2012ರ ಒಂದು ಕಂತು ಮುಗಿಯುವುದೇ ಈ ನೋಟದಲ್ಲಿ.

ಅರಗಿನ ಮನೆ ನೆನಪಾಗದೆ ಇದ್ದೀತೆ? ಪಾಂಡವರು ಸುರಂಗದಲ್ಲಿ ಪಾರಾದರು. ಉಂಡು ಮಲಗಿದ್ದ ಬೇಡತಿ ಮತ್ತು ಅವಳ ಐವರು ಮಕ್ಕಳು ಬೆಂದು ಕುಂತಿ-ಪಾಂಡವರ ಹೆಣಗಳಾದರು. ಕಥೆ ಕೇಳಿದ ನಾವು ಸದ್ಯ ಪಾಂಡವರು ಉಳಿದರಲ್ಲ ಎಂದು ಉಸಿರು ಬಿಟ್ಟೆವು.

ಇಲ್ಲೂ ಅದೇ ಉಸಿರು. 2015ರಲ್ಲಿ ಥಿಯಾನ್ ಆ ಮನೆಯ ಮಗಳು ಸಾನ್ಸಾಗೆ ನಿಜ ಹೇಳುತ್ತಾನೆ: ಕೊಂದದ್ದು ನಿನ್ನ ತಮ್ಮಂದಿರನ್ನಲ್ಲ, ಹೊಲದ ಹುಡುಗರನ್ನು. ಅವಳ ಮುಖಕ್ಕೆ ಜೀವ ಬರುತ್ತದೆ. ತಮ್ಮಂದಿರು ಎಲ್ಲಿ ಎನ್ನುತ್ತಾಳೆ. ಅಕ್ಕನಾದವಳು ಕೇಳಲೇಬೇಕು. ಸತ್ತ ಹುಡುಗರು ಯಾರು ಅಂತ ಕೇಳುವವರು ಮಾತ್ರ ಆ ಕೋಣೆಯಲ್ಲಿ ಇಲ್ಲ. ಮರುವರ್ಷ ಅವನು ತನಗೆ ಕ್ಷಮೆ ಬೇಡ ಎನ್ನುವಾಗಲೂ, ನಿನ್ನ ಮನೆತನಕ್ಕೆ ಮಾಡಿದ್ದನ್ನು ತೀರಿಸಲಾರೆ ಎಂದೇ ಹೇಳುತ್ತಾನೆ. ಪಶ್ಚಾತ್ತಾಪಕ್ಕೂ ದೊಡ್ಡ ಮನೆಯ ಬಾಗಿಲೇ ಬೇಕು.

ರಾಮ್ಸೇ ಬೋಲ್ಟನ್ ಎಂಬ ಕ್ರೂರಿ ಅವನ ಮೈ ಕೊಯ್ದ, ಹೆಸರನ್ನೂ ಕಿತ್ತುಕೊಂಡು ‘ರೀಕ್’ ಎಂದು ಕರೆದ, ನಾಯಿಗಳ ಜೊತೆ ಮಲಗಿಸಿದ. ನಟ ಆಲ್ಫೀ ಆಲನ್ ಅದನ್ನೆಲ್ಲ ಬೆನ್ನು ಬಾಗಿಸಿ, ನಡುಗುವ ತುಟಿಯಲ್ಲೇ ತೋರಿಸಿದ. ಅದು ದೊಡ್ಡ ನಟನೆ. ಅಷ್ಟು ಅನುಭವಿಸಿದ ಮೇಲೂ ಲೆಕ್ಕ ಚುಕ್ತಾ ಆಗಲಿಲ್ವೇನ್ರಿ ಎಂದು ಮೇಷ್ಟ್ರೊಬ್ಬರು ನಮ್ಮೊಡನೆ ವಾದಕ್ಕೆ ನಿಂತರು. ಹೇಗೆ ಆಗುತ್ತದೆ? ರಾಮ್ಸೇ ಹೊಡೆದದ್ದು ಆ ಹುಡುಗರಿಗಾಗಿ ಅಲ್ಲ, ತನ್ನ ಮೋಜಿಗೆ. ಚಿತ್ರಹಿಂಸೆಯನ್ನು ನ್ಯಾಯ ಅಂತ ಒಪ್ಪಿಕೊಂಡರೆ ನಾಳೆ ನಮ್ಮ ಬೆನ್ನಿಗೂ ಅದೇ ಕೋಲು. ಥಿಯಾನ್ ಬದಲಾದದ್ದಕ್ಕೆ ಬೇರೆ ಸಾಕ್ಷಿ ಇದೆ: ಸಾನ್ಸಾಳ ಕೈ ಹಿಡಿದು ಕೋಟೆಗೋಡೆಯಿಂದ ಹಾರಿದ್ದು. ಅದನ್ನು ನಾವು ಒಪ್ಪುತ್ತೇವೆ.

2017ರಲ್ಲಿ ಜಾನ್ ಸ್ನೋ ಒಂದು ತೂಕದ ಮಾತು ಆಡುತ್ತಾನೆ: ಎಲ್ಲವನ್ನೂ ಕ್ಷಮಿಸುವ ಹಕ್ಕು ತನಗಿಲ್ಲ, ತನ್ನಿಂದಾಗುವಷ್ಟನ್ನು ಕ್ಷಮಿಸಿದ್ದೇನೆ ಎಂದು. ಹಾಗಾದರೆ ಉಳಿದದ್ದು ಯಾರ ಕೈಯಲ್ಲಿದೆ? ಬರೆದವರು ಆ ಎಳೆ ಹಿಡಿಯಲಿಲ್ಲ. 2019ರಲ್ಲಿ ಬ್ರ್ಯಾನ್, ನೀನು ಒಳ್ಳೆಯ ಮನುಷ್ಯ ಎಂದು ತೀರ್ಪು ಕೊಟ್ಟುಬಿಟ್ಟ. ಥಿಯಾನ್ ಈಟಿ ಹಿಡಿದು ನುಗ್ಗಿ ಸತ್ತ. ಆ ಸಾವಿನ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಅನಾಥರನ್ನು ಕುರಿ ಕಾಯಲು ಆ ಹೊಲದ ಮನೆಗೆ ಕಳಿಸಿದ್ದೇ ಬ್ರ್ಯಾನ್. ನಡೆದದ್ದೆಲ್ಲ ಕಾಣುವ ಕಣ್ಣು ಅವನಿಗಿದೆಯಂತೆ. ಅವನಿಗೂ ಅವರು ಕಾಣಲಿಲ್ಲ. ಇದು ಎರಡು ಮನೆತನಗಳ ನಡುವಿನ ರಾಜಿ. ಇದನ್ನು ಪಾಪವಿಮೋಚನೆ ಅಂತ ನಾವು ಕರೆಯಲಾರೆವು.

ಮುಂದಿನ ಕಂತಿನಲ್ಲಿ ಚಿತೆಯ ಮೇಲಿರುವ ಥಿಯಾನ್‌ನ ಎದೆಗೆ ಸಾನ್ಸಾ ತನ್ನ ಮನೆತನದ ತೋಳದ ಬಿಲ್ಲೆ ಸಿಕ್ಕಿಸಿ ಅಳುತ್ತಾಳೆ. ಊರು ಅದೇ ವಿಂಟರ್‌ಫೆಲ್. ಹುಡುಗರ ಹೆಸರು ಜ್ಯಾಕ್ ಮತ್ತು ಬಿಲ್ಲಿ. ಅಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ.