ಕಪ್ಪು ಬಾನೆಟ್ಟಿನ ಮಬ್ಬು

ಭಾನುವಾರ ಬೆಳಿಗ್ಗೆ ಪರಿಚಯದವರೊಬ್ಬರು ತಮ್ಮ ಕಪ್ಪು ಕಾರನ್ನು ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿದರು. ‘ಪಾಲಿಶ್ ಮಾಡಿಸಿ ಇನ್ನೂ ತಿಂಗಳಾಗಿಲ್ಲ, ನೀವೇ ನೋಡಿ ಸಾರ್’ ಅಂದರು. ನೆರಳಲ್ಲಿ ಏನೂ ಕಾಣಲಿಲ್ಲ. ಎರಡು ಅಡಿ ಮುಂದೆ ಬಿಸಿಲಿಗೆ ತಂದದ್ದೇ ತಡ, ಬಾನೆಟ್ ತುಂಬ ಜೇಡರ ಬಲೆಯಂಥ ಗೆರೆ. ಬಲೆಯ ಹಿಂದೆ, ಕನ್ನಡಕದ ಗಾಜಿಗೆ ಹಾ ಅಂತ ಉಸಿರು ಬಿಟ್ಟಂತೆ ಒಂದು ಮಬ್ಬು. ಗೆರೆಗಿಂತ ಆ ಮಬ್ಬೇ ನನಗೆ ಹೆಚ್ಚು ಸಂಕಟ ಕೊಟ್ಟಿತು. ಗೆರೆ ಧೂಳಿನಿಂದ ಬಂದಿರಬಹುದು. ಮಬ್ಬು ಮಾತ್ರ ಪಾಲಿಶ್ ಮಾಡಿದ ಕೈಯಿಂದಲೇ ಬರುವಂಥದ್ದು.

ಉಣ್ಣೆ ಪ್ಯಾಡಿನವರ ಜೊತೆ ನನ್ನ ಜಗಳ ಹಳೆಯದು. ಕಂಪೌಂಡ್ ಬಳಿದು, ರೋಟರಿ ಮಷಿನ್ನಿಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ, ಮೈಭಾರ ಹಾಕಿ ಉಜ್ಜಿದರೆ ‘ಪೇಂಟ್ ಕರಗಿ ಹೊಳಪು ಬರುತ್ತದೆ’ ಎಂಬುದು ಅವರ ನಂಬಿಕೆ. ಜರ್ಮನ್ ಕಾರುಗಳ ಗಟ್ಟಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮೇಲೆ ಈ ಒರಟುತನ ಅಷ್ಟಾಗಿ ಕಾಣುವುದಿಲ್ಲ. ಜಪಾನಿ ಕಾರುಗಳ ಪೇಂಟ್ ಸಾಮಾನ್ಯವಾಗಿ ಮೆದು. ಅದರಲ್ಲೂ ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಅಂಥ ಬಾನೆಟ್ ಮೇಲೆ ಉಣ್ಣೆಯ ಒಂದೊಂದು ಎಳೆಯೂ ತನ್ನ ಗುರುತು ಬಿಟ್ಟು ಹೋಗುತ್ತದೆ. ಅಂಗಡಿಯಲ್ಲಿ ಅದು ಕಾಣದಿರುವುದಕ್ಕೆ ಕಾರಣ ಕಂಪೌಂಡಿನಲ್ಲಿರುವ ಎಣ್ಣೆ. ಎಣ್ಣೆ ಗೆರೆಯೊಳಗೆ ಕೂತು ಟ್ಯೂಬ್‌ಲೈಟಿನ ಕೆಳಗೆ ಕನ್ನಡಿಯಂತೆ ಮಿಂಚುತ್ತದೆ. ನಾಲ್ಕು ಸಲ ಶಾಂಪೂ ಬಿದ್ದರೆ ಎಣ್ಣೆ ಹೋಯಿತು, ಗೆರೆ ಉಳಿಯಿತು.

ಕ್ಲಿಯರ್ ಕೋಟ್ ಅಂದರೆ ಹೆಚ್ಚೆಂದರೆ ನಲವತ್ತು-ಐವತ್ತು ಮೈಕ್ರಾನ್ ದಪ್ಪ. ತಲೆಗೂದಲೇ ಅದಕ್ಕಿಂತ ದಪ್ಪ. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಆ ಪದರವೇ. ವರ್ಷಕ್ಕೆರಡು ಸಲ ಕಂಪೌಂಡ್ ಹಾಕಿಸುವವರು ಕಾಸು ಕೊಟ್ಟು ಅದನ್ನೇ ಸವೆಸುತ್ತಿದ್ದಾರೆ.

‘ಕರಗಿ ಹೊಳಪು ಬರುತ್ತದೆ’ ಅನ್ನುವ ಮಾತಿಗೆ ಇಲ್ಲೊಂದು ಉತ್ತರ ಕೊಡಲೇಬೇಕು. ಹಾಗೆ ನಿಜವಾಗಿ ಕರಗಿಸಿ ಹೊಳಪು ತರುವವರು ಚನ್ನಪಟ್ಟಣದ ಬೊಂಬೆ ಕೆಲಸದವರು. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರೆಂದು ತಿರುಗುತ್ತಿರುತ್ತದೆ. ಅದಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಕುಶಲಕರ್ಮಿ ಕೈಗೆತ್ತಿಕೊಳ್ಳುವುದು ಒಣಗಿದ ತಾಳೆಗರಿ. ಅದನ್ನು ಮಡಿಸಿ, ತಿರುಗುವ ಬೊಂಬೆಗೆ ಸುಮ್ಮನೆ ತಾಗಿಸಿ ಹಿಡಿಯುತ್ತಾರೆ. ಗರಿ ಕೊರೆಯುವುದಿಲ್ಲ, ಸವರುತ್ತದೆ. ಬೊಂಬೆ ಮಿನುಗತೊಡಗುತ್ತದೆ. ಆ ಕೈಯನ್ನು ನಾನು ಅಂಗಡಿ ಮುಂದೆ ನಿಂತು ಬಹಳ ಹೊತ್ತು ನೋಡಿದ್ದೇನೆ. ಮೊಣಕೈಯಲ್ಲಿ ಎಲ್ಲೂ ಬಿಗಿ ಇರಲಿಲ್ಲ. ಅರಗು ಬಿಸಿಗೆ ಹರಿಯುವ ವಸ್ತು. ಕಾರಿನ ಕ್ಲಿಯರ್ ಕೋಟ್ ಒಮ್ಮೆ ಒಣಗಿ ಗಟ್ಟಿಯಾದರೆ ಮತ್ತೆ ಹರಿಯುವುದಿಲ್ಲ. ಬಿಸಿ ಹೆಚ್ಚಾದರೆ ಪಾಲಿಶ್ ಒಣಗಿ ಪುಡಿಯಾಗುತ್ತದೆ, ಪ್ಯಾಡ್ ಜಗ್ಗುತ್ತದೆ, ಮಬ್ಬು ಏಳುತ್ತದೆ. ಲೇತಿನವರ ಬಿಸಿಯನ್ನು ನಾವು ತರಬೇಕಾಗಿಲ್ಲ. ಆ ಹಗುರ ಕೈ ತಂದರೆ ಸಾಕು.

ಭಾನುವಾರ ಮಾಡಿದ್ದೂ ಅದನ್ನೇ. ಡ್ಯುಯಲ್ ಆಕ್ಷನ್ ಮಷಿನ್, ಬೆರಳಿಟ್ಟರೆ ಹತ್ತಿಯಂತೆ ಕುಗ್ಗುವ ಫಿನಿಶಿಂಗ್ ಫೋಮ್, ತೀರ ನುಣ್ಣನೆಯ ಪಾಲಿಶ್ ಮೂರು-ನಾಲ್ಕು ಹನಿ. ಎರಡಡಿ ಚೌಕವನ್ನು ಟೇಪು ಅಂಟಿಸಿ ಬೇರೆ ಮಾಡಿಕೊಂಡೆ. ಮೊದಲ ಸಲ ಗೆರೆ ಹೋಯಿತು, ಮಬ್ಬು ಹೋಗಲಿಲ್ಲ. ಪ್ಯಾಡ್ ನೋಡಿದರೆ ಹಳೆಯ ಪಾಲಿಶ್ ಕಟ್ಟಿಕೊಂಡು ಅಂಚೆಲ್ಲ ಬಿರುಸಾಗಿತ್ತು. ಬೇರೆ ಪ್ಯಾಡ್ ಹಾಕಿ, ವೇಗ ಇಳಿಸಿ, ಕೊನೆಯ ಎರಡು ಸುತ್ತು ಮಷಿನ್ನಿನ ತೂಕ ಬಿಟ್ಟರೆ ನನ್ನ ಕೈಯ ಭಾರ ಒಂದಿಷ್ಟೂ ಹಾಕದೆ ಓಡಿಸಿದೆ. ಟಾರ್ಚ್ ಹಿಡಿದಾಗ ಬೆಳಕಿನ ಚುಕ್ಕೆಯ ಸುತ್ತ ಬರೀ ಕಪ್ಪು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎಣ್ಣೆ ತೆಗೆದ ಮೇಲೂ ಹಾಗೇ ಇತ್ತು. ಒಂದು ಎಚ್ಚರಿಕೆ: ಇಷ್ಟು ಮೆದು ಪೇಂಟಿಗೆ ಆ ಒರೆಸುವಿಕೆಯೂ ಗೆರೆ ಎಳೆಯಬಲ್ಲದು. ಬಟ್ಟೆಯನ್ನು ಮೊದಲು ಹಳೆಯ ಸಿಡಿಯ ಹೊಳೆಯುವ ಬದಿಗೆ ತಿಕ್ಕಿ ನೋಡಿ. ಅಲ್ಲಿ ಗೆರೆ ಬಿದ್ದರೆ ಅದು ಟೈರ್ ಒರೆಸುವ ಬಟ್ಟೆ.

ತೊಳೆಯುವಾಗ ಶಾಂಪೂವಿಗೊಂದು, ಬಟ್ಟೆ ಜಾಲಿಸಲೊಂದು ಬಕೆಟ್ ಇಟ್ಟುಕೊಳ್ಳುವ ಕ್ರಮ ಈ ಅಂಕಣದ ಓದುಗರಿಗೆ ಗೊತ್ತೇ ಇದೆ, ಹೆಚ್ಚು ಹೇಳುವುದಿಲ್ಲ. ಆದರೆ ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಹಳದಿ ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸುವ ಪದ್ಧತಿ ನಿಲ್ಲಬೇಕು. ತಪ್ಪು ಆ ಹುಡುಗರದ್ದಲ್ಲ, ಅವರಿಗೆ ಎರಡನೇ ಬಟ್ಟೆ ಕೊಡದ ನಮ್ಮದು. ಹತ್ತೊಂಬತ್ತು ಕಾರಿನ ಮರಳು ಇಪ್ಪತ್ತನೆಯದಕ್ಕೆ ಹೋಗುತ್ತದೆ, ಮರಳಿನ ಕಣ ಎಂಥ ಪೇಂಟಿಗಿಂತಲೂ ಗಟ್ಟಿ. ಧೂಳು ಕೂತ ದಿನ ಒರೆಸದೆ ಬಿಡುವುದೇ ಮೇಲು.

ನೀರಿನ ಮಾತೂ ಇದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ಬಹಳ ಜನ ಆರ್‌ಒ ಯಂತ್ರ ಹೊರಬಿಡುವ ನೀರು ಹಿಡಿದಿಟ್ಟು ಬಳಸತೊಡಗಿದರು. ಚಕ್ರಕ್ಕೆ, ಮಡ್‌ಗಾರ್ಡಿನ ಒಳಗೆ ಧಾರಾಳವಾಗಿ ಬಳಸಿ. ಕೊನೆಗೆ ಜಾಲಿಸಲು ಮಾತ್ರ ಬೇಡ. ನಲ್ಲಿಯ ನೀರಿಗಿಂತಲೂ ಹೆಚ್ಚು ಲವಣ ಅದರಲ್ಲಿರುತ್ತದೆ, ಬಿಸಿಲಿಗೆ ಬಿಳಿ ಚುಕ್ಕೆ ಕಟ್ಟುತ್ತದೆ. ಆ ಚುಕ್ಕೆ ತೆಗೆಯಲು ಮತ್ತೆ ಪಾಲಿಶ್, ಮತ್ತೆ ಒಂದಿಷ್ಟು ಪದರ ಹೋಯಿತು. ನಾನು ಕೊನೆಗೆ ಜಾಲಿಸಲು ಇಟ್ಟುಕೊಳ್ಳುವುದು ಮಳೆನೀರು. ಮೊದಲ ಮಳೆ ತಾರಸಿಯ ಧೂಳು ತೊಳೆದು ಹೋದ ಮೇಲೆ ಹಿಡಿದದ್ದು, ಹತ್ತಿ ಬಟ್ಟೆಯಲ್ಲಿ ಸೋಸಿದ್ದು. ಪರಿಚಯದವರ ಕಾರಿಗೆ ಅದರಲ್ಲಿ ಒಂದು ಕೊಡ ಹೋಯಿತು. ಬಾನೆಟ್ಟಿನಿಂದ ಹಾಳೆಯಂತೆ ಜಾರಿ ಇಳಿದ ಮೇಲೆ ಉಳಿದ ಹನಿಗಳಿಗೆ ದಪ್ಪ ಟವೆಲ್ ಹಾಸಿ, ಎಳೆಯದೆ, ಬರೀ ಒತ್ತಿ ತೆಗೆದೆವು. ಎದುರುಮನೆಯ ಹೊಂಗೆಮರದ ಎಲೆ ಎಲೆಯೂ ಬಾನೆಟ್ಟಿನಲ್ಲಿ ಕಾಣುತ್ತಿತ್ತು. ಎರಡು ಬಾಗಿಲು ಇನ್ನೂ ಬಾಕಿ ಇವೆ, ಈ ಭಾನುವಾರ ಬರಲು ಹೇಳಿದ್ದೇನೆ.